ಕೆಮ್ಮಿದರೆ ಗೋಡೆ ತಟ್ಟುವ ಊರು

ನಮ್ಮೂರಿನಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದ ಮನೆಯವರು ಗೋಡೆ ತಟ್ಟಬೇಕು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಎರಡು ಸಲ ತಟ್ಟಿದರೆ, ಕೇಳಿಸಿತು, ನಾನು ಇಲ್ಲೇ ಇದ್ದೀನಿ ಅಂತ ಅರ್ಥ. ಜಗಳವಾಡಿ ಮಾತು ಬಿಟ್ಟವರೂ ತಟ್ಟುವುದನ್ನು ಬಿಡುತ್ತಿರಲಿಲ್ಲ. ನಮ್ಮ ಬೀದಿಯ ಇಬ್ಬರು ಅಣ್ಣತಮ್ಮಂದಿರು ಹಿತ್ತಿಲ ಪಾಲಿನ ವಿಷಯಕ್ಕೆ ಕೋರ್ಟು ಹತ್ತಿ, ಒಬ್ಬರ ಮುಖ ಒಬ್ಬರು ನೋಡದೆ ಬದುಕಿದರು. ಆದರೂ ಅಣ್ಣ ಕೆಮ್ಮಿದರೆ ತಮ್ಮ ತಟ್ಟುತ್ತಿದ್ದ. ಬೈದುಕೊಂಡೇ ತಟ್ಟುತ್ತಿದ್ದ. ಕೆಮ್ಮಿಗೇನೂ ಕಡಿಮೆ ಇರಲಿಲ್ಲ ಬಿಡಿ. ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಕೆಮ್ಮು, ಊರೆಲ್ಲ ಟಕ್ ಟಕ್. ಹೊಸಬರು ಬಂದರೆ ಇದೇನು ಬಡಗಿಗಳ ಊರೇ ಅಂತ ಕೇಳುತ್ತಿದ್ದರು.

ಐದು ಊರುಗಳ ಕಣಿವೆ ಅದು. ಕಣಿವೆಯ ಬಾಯಿಯಲ್ಲಿ ಇದ್ದಿಲು ಸುಡುವ ದೊಡ್ಡ ದೊಡ್ಡ ಭಟ್ಟಿಗಳಿದ್ದವು. ಅವುಗಳ ಹೊಗೆ ಒಳಗೆ ಬರುತ್ತಿತ್ತು, ಹೊರಗೆ ಹೋಗಲು ದಾರಿ ಕಾಣದೆ ಅಲ್ಲೇ ಕೂರುತ್ತಿತ್ತು. ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಹೀಗೇ. ನಾನು ಹೊಲಿಗೆಯವಳು, ರುದ್ರಮ್ಮ ಅಂತ ಹೆಸರು. ಬಿಳಿ ಬಟ್ಟೆ ಹೊಲಿದದ್ದು ನನಗೆ ಬೆರಳೆಣಿಕೆಯಷ್ಟು ನೆನಪು. ಮದುಮಗನಿಗೂ ನಾವು ಬೂದಿ ಬಣ್ಣದ ಅಂಗಿಯನ್ನೇ ಹೊಲಿಯುತ್ತಿದ್ದೆವು. ಹೇಗೂ ತಾಳಿ ಕಟ್ಟುವ ಹೊತ್ತಿಗೆ ಅದೇ ಬಣ್ಣಕ್ಕೆ ಬರುತ್ತಿತ್ತಲ್ಲ. ಎದುರು ಸಾಲಿನ ಮನೆ ಕಂಡರೆ ಆವತ್ತು ಒಳ್ಳೆಯ ದಿನ. ದಿಕ್ಕು ಅನ್ನುವುದು ನಮಗೆ ಬಸ್ಸಿನಿಂದ ಗೊತ್ತಾಗುತ್ತಿತ್ತು, ಕಣ್ಣಿನಿಂದಲ್ಲ. ಉಳಿದ ನಾಲ್ಕೂ ಊರಿನ ಬಸ್ಸುಗಳು ಊರ ಮುಂದಿನ ನಿಲ್ದಾಣದಿಂದ ಹೊರಡುತ್ತಿದ್ದವು, ಹಾಗಾಗಿ ಆ ನಾಲ್ಕೂ ಊರು ನಿಲ್ದಾಣದ ಕಡೆಗೇ ಇವೆ ಅಂತ ನಾವು ಬಲವಾಗಿ ನಂಬಿದ್ದೆವು. ಹಿತ್ತಿಲ ಕಡೆ ಏನೂ ಇರಲಿಲ್ಲ, ಹೊಗೆ ಮಾತ್ರ.

ಹೊಗೆ ಇದ್ದ ಮೇಲೆ ಮಸಿ ಇರಲೇಬೇಕು. ಗೋಡೆಗೆ, ಪಾತ್ರೆಗೆ, ದೇವರ ಪಟಕ್ಕೆ, ಮಲಗಿದ ಕೂಸಿನ ಹುಬ್ಬಿಗೆ, ಎಲ್ಲಕ್ಕೂ ಮಸಿ. ಒಂದು ಜಾಗಕ್ಕೆ ಮಾತ್ರ ಹತ್ತುತ್ತಿರಲಿಲ್ಲ. ಸತ್ತವರು ಬದುಕಿದ್ದಾಗ ದಿನಾ ಎಲ್ಲಿ ಒರಗಿ ಕೂರುತ್ತಿದ್ದರೋ ಆ ಜಾಗಕ್ಕೆ. ಅವರು ಹೋದ ಒಂದೆರಡು ವಾರಕ್ಕೆ, ಕಪ್ಪು ಗೋಡೆಯ ಮೇಲೆ ಅವರ ಬೆನ್ನು, ಭುಜ, ತಲೆ ಬೆಳ್ಳಗೆ ಮೂಡುತ್ತಿತ್ತು. ಅದನ್ನು ಬಿಳುಪು ಅನ್ನುತ್ತಿದ್ದೆವು. ಮನೆಯಿಂದ ಹೊರಡುವಾಗ ಬಿಳುಪಿನ ಮುಂದೆ ನಿಂತು ಹೋಗಿ ಬರ್ತೀನಿ ಅಂತ ಹೇಳಿ ಹೊರಡುವುದು, ಹಬ್ಬದಲ್ಲಿ ಅದರ ಮುಂದೆ ಒಂದು ಎಲೆ ಹಾಕುವುದು, ಎಷ್ಟೇ ಜನ ತುಂಬಿದರೂ ಆ ಜಾಗದಲ್ಲಿ ಯಾರೂ ಕೂರದಿರುವುದು, ಇಷ್ಟೇ ಅದರ ಕಟ್ಟಳೆ. ಕೆಲವು ಸಲ ಫಜೀತಿಯೂ ಆಗುತ್ತಿತ್ತು. ಅಕ್ಕಿ ಗಿರಣಿಯ ನಂಜಪ್ಪ ದಿನಾ ಸಂಜೆ ಮನೆಯಲ್ಲೇ ಇರುತ್ತಾನೆ ಅಂತ ಅವನ ಹೆಂಡತಿ ಊರಿಗೆಲ್ಲ ಹೇಳಿಕೊಂಡಿದ್ದಳು. ಸತ್ತ ಮೇಲೆ ನೋಡಿದರೆ ಅವನ ಬಿಳುಪು ಮೇಗಲ ಬೀದಿಯ ಇನ್ನೊಂದು ಮನೆಯಲ್ಲಿ ಮೂಡಿತು, ಅದೂ ಕಾಲು ಚಾಚಿಕೊಂಡು. ಆಕೆ ಒಂದು ಎಲೆ ತೆಗೆದುಕೊಂಡು ಅಲ್ಲಿಗೇ ಹೋಗಿ ಬಡಿಸಿ ಬಂದಳು ಪಾಪ, ಮತ್ತೇನು ಮಾಡಿಯಾಳು.

ಈಗ ಹಾಲಮ್ಮಕ್ಕನ ವಿಷಯಕ್ಕೆ ಬರುತ್ತೇನೆ. ನನ್ನ ಮನೆ, ಅವಳ ಮನೆ ಒಂದೇ ಸೂರಿನ ಎರಡು ಭಾಗ. ನಡುಗೋಡೆ ಹೆಂಚಿಗೆ ಮುಟ್ಟದೆ ಒಂದು ಮೊಳ ಕೆಳಗೇ ನಿಂತಿದೆ. ಹಾಗಾಗಿ ಅವಳ ಮನೆಯ ಒಗ್ಗರಣೆ ನನಗೆ, ನನ್ನ ಮನೆಯ ಮಿಷನ್ ಸದ್ದು ಅವಳಿಗೆ. ಅವಳು ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಆಸ್ತಿ ಹೊರಗೆ ಹೋಗಬಾರದು ಅಂತ ಮನೆ ಅಳಿಯನನ್ನು ತಂದರು. ದಿಬ್ಬದೂರಿನ ಕೊಟ್ರಪ್ಪ. ಅವಳನ್ನು ಅಕ್ಕ ಅಂದ ಮೇಲೆ ಅವನು ನನಗೆ ಭಾವ. ಅವನು ಬಂದ ದಿನದ ಕಥೆ ಹೇಳಿ ಹೇಳಿ ಊರು ನಗುತ್ತಿತ್ತು. ಬಸ್ಸು ಹತ್ತಿದರೆ ಅವನಿಗೆ ವಾಂತಿ. ದಿಬ್ಬಣವೆಲ್ಲ ಬಸ್ಸಿನಲ್ಲಿ ಬಂದು ನಿಲ್ದಾಣದಲ್ಲಿ ಇಳಿಯಿತು, ಮದುಮಗ ಮಾತ್ರ ಇಲ್ಲ. ಎಲ್ಲರೂ ಗಾಬರಿಯಾಗಿ ಹುಡುಕುವಾಗ ಅವನು ಒಬ್ಬನೇ ಬಾಸಿಂಗ ಕೈಯಲ್ಲಿ ಹಿಡಿದು ಹಿತ್ತಿಲ ಕಡೆಯಿಂದ ಬಂದ. ದಿಬ್ಬದೂರು ನಿಲ್ದಾಣದ ಕಡೆ ತಾನೇ ಇರುವುದು? ಹೊಗೆಯಲ್ಲಿ ದಾರಿ ತಪ್ಪಿ ಊರು ಸುತ್ತಿ ಬಂದಿದ್ದಾನೆ ಅಂತ ತೀರ್ಮಾನವಾಯಿತು. ಅವತ್ತಿನಿಂದ ಅವನಿಗೆ ದಿಕ್ಕು ತಪ್ಪಿದ ಅಳಿಯ ಅಂತಲೇ ಹೆಸರು. ಅವನು ಅಲ್ಲ ಅನ್ನಲಿಲ್ಲ. ಸುಮ್ಮನೆ ನಕ್ಕ.

ಭಾವ ಬಹಳ ಸಾಧು. ಅವನಿಗಿದ್ದ ಬಡಾಯಿ ಒಂದೇ. ಅವನ ಊರಲ್ಲಿ ಒಂದು ತಾಳೆಮರವಂತೆ, ಮೇಲೆ ಹೋಗಿ ಎರಡು ಕವಲಾಗಿದೆಯಂತೆ, ಎರಡು ತಲೆಯಂತೆ. ಹಾಲಮ್ಮಕ್ಕ ಗಂಡನ ಊರಿಗೆ ಹೋದಾಗ ಆ ಮರದ ಬುಡ ನೋಡಿದ್ದಳು. ಮೇಲೆಲ್ಲ ಹೊಗೆ. “ತಾಳೆಮರ ಎಲ್ಲಾದ್ರೂ ಕವಲೊಡಿತದಾ? ಸುಳ್ಳು ಹೇಳೋದಾದ್ರೆ ಮಾವಿನಮರ ಅನ್ನು, ನಂಬ್ತೀನಿ” ಅಂತ ರೇಗಿಸುತ್ತಿದ್ದಳು. ಅದಕ್ಕೂ ಅವನು ನಗುತ್ತಿದ್ದ. ಅವನ ಇನ್ನೊಂದು ವಿಚಿತ್ರ ಅಂದರೆ ಕೂರುವ ಜಾಗ. ಗಂಡಸಾದವನು ಜಗಲಿ ಮೇಲೆ ಕೂತು ಬೀದಿ ನೋಡಬೇಕೋ ಬೇಡವೋ? ಇವನು ಕೆಲಸ ಮುಗಿಸಿ ಬಂದವನೇ ಒಳಗೆ, ನಡುಗೋಡೆಗೆ ಒರಗಿ, ನೆಲದ ಮೇಲೆ ಕೂರುತ್ತಿದ್ದ, ಹಿತ್ತಿಲ ಕಿಟಕಿಗೆ ಮುಖ ಮಾಡಿ. ಕಿಟಕಿಯಾಚೆ ಏನಿತ್ತು, ಮಣ್ಣಂಗಟ್ಟಿ. ಮುಂಚೆ ಅಲ್ಲೊಂದು ಹಳ್ಳ ಇತ್ತು, ಕಾಲುದಾರಿ ಇತ್ತು. ಭಟ್ಟಿಯವರು ಬೂದಿ ತಂದು ಸುರಿದು ಬೇಲಿ ಹಾಕಿದ ಮೇಲೆ ಅದೂ ಹೋಯಿತು. ಹೊಗೆ ತಡೆಯಲಿ ಅಂತ ಮನೆಯವರೂ ಹಿತ್ತಿಲಲ್ಲಿ ಒಂದು ಗೋಡೆ ಎಬ್ಬಿಸಿದ್ದರು. ಅತ್ತೆಗೆ ಹೆದರಿ ಮೂಲೆ ಸೇರಿದ್ದಾನೆ ಅಂತ ಬೀದಿಯವರು ಆಡಿಕೊಂಡರು. ಅತ್ತೆ ಸತ್ತ ಮೇಲೂ ಅವನು ಜಾಗ ಬದಲಿಸಲಿಲ್ಲ. “ಏನು ನೋಡ್ತೀಯ ಅಲ್ಲಿ, ಹೊಗೆ ತಾನೇ?” ಅಂತ ಹಾಲಮ್ಮಕ್ಕ ಕೇಳುವುದು ಗೋಡೆಯ ಈಚೆಗೆ ನನಗೆ ಕೇಳಿಸುತ್ತಿತ್ತು. “ಹ್ಞೂಂ, ಹೊಗೆನೇ” ಅನ್ನುತ್ತಿದ್ದ ಭಾವ.

ಅದೇ ಹೊಗೆ ಅವನನ್ನು ತಿಂದಿತು. ಕೊನೆಗೆ ಅವನು ಮಲಗಲಾರ, ಕೂತೇ ನಿದ್ದೆ. ಡಾಕ್ಟರು ಅವನ ಎದೆಯ ಫೋಟೋ ಬೆಳಕಿಗೆ ಹಿಡಿದು, ವರ್ಷಗಟ್ಟಲೆ ಒರೆಸದ ಲಾಟೀನಿನ ಗಾಜಿನ ಹಾಗಿದೆ ನೋಡಿ ಅಂದರಂತೆ. ಮಕ್ಕಳಿರಲಿಲ್ಲ. ತಿಥಿ ಮುಗಿದು ನೆಂಟರು ಹೋದ ಮೇಲೆ ನಡುಗೋಡೆಯ ಮೇಲೆ ಬಿಳುಪು ಮೂಡಿತು. ತಲೆ ಸ್ವಲ್ಪ ವಾಲಿತ್ತು, ಎಡಭುಜ ಬಲಭುಜಕ್ಕಿಂತ ಕೆಳಗಿತ್ತು. ಅಚ್ಚು ಭಾವನೇ. ಹಾಲಮ್ಮಕ್ಕ ಅದರ ಮುಂದೆ ಕೂತು ಮೂರು ದಿನ ಅತ್ತಳು. ಆಮೇಲೆ ಎದ್ದು, ಮುಖ ತೊಳೆದು, ಸೀರೆ ಬದಲಿಸಿ ನನ್ನ ಬಾಗಿಲಿಗೆ ಬಂದು, “ರುದ್ರಿ, ಆ ಭಟ್ಟಿ ನಿಲ್ಲಿಸ್ಬೇಕು ಕಣೇ” ಅಂದಳು. ನೀರು ಕಾಯಿಸು ಅನ್ನುವಷ್ಟು ಸಲೀಸಾಗಿ ಅಂದಳು.

ಅದಕ್ಕೆ ಮುಂಚೆ ಐದೂ ಊರಿನವರು ಬೇರೆ ಬೇರೆಯಾಗಿ ಅರ್ಜಿ ಹಾಕಿದ್ದರು. ಭಟ್ಟಿ ನಿಮ್ಮ ಗಡಿಯಲ್ಲಿಲ್ಲ ಅಂತ ಪ್ರತಿಸಲವೂ ಮರಳಿ ಬಂದಿತ್ತು. ಹಾಲಮ್ಮಕ್ಕ ಊರೂರು ತಿರುಗಿದಳು. “ಹೊಗೆ ಗಡಿ ಕೇಳ್ಕೊಂಡು ಬರುತ್ತಾ? ನಾವ್ಯಾಕೆ ಗಡಿ ಕೇಳ್ಕೊಂಡು ಹೋಗ್ಬೇಕು?” ಇದೊಂದೇ ಅವಳ ಭಾಷಣ. ಐದು ಊರಿನ ಸಮಿತಿ ಆಯಿತು. ವಿಚಾರಣೆಯ ಹಿಂದಿನ ದಿನ ಐದೂ ಊರುಗಳಲ್ಲಿ ಬೆಳಗ್ಗೆ ಒಂದೊಂದು ಬಿಳಿ ಪಂಚೆ ಒಗೆದು ಹರವಿ, ಮಧ್ಯಾಹ್ನ ತೆಗೆದು, ಐದನ್ನೂ ಉದ್ದಕ್ಕೆ ಸೇರಿಸಿ ನಾನು ಹೊಲಿದೆ. ಮಾರನೆಯ ದಿನ ಹಾಲಮ್ಮಕ್ಕ ಅದನ್ನು ವಿಚಾರಣೆ ಮಾಡುವ ಸಾಹೇಬರ ಮೇಜಿನ ಮೇಲೆ ಹಾಸಿದಳು. “ಇದ್ರಲ್ಲಿ ಯಾವೂರಿನ ಮಸಿ ಯಾವುದು ಅಂತ ಬೇರೆ ಮಾಡಿ ತೋರ್ಸಿ ಸ್ವಾಮಿ, ನಾವು ಬೇರೆ ಬೇರೆಯಾಗೇ ಬರ್ತೀವಿ” ಅಂದಳು. ಸಾಹೇಬರು ಪಂಚೆ ನೋಡಿದರು, ತಮ್ಮ ಬೆರಳು ನೋಡಿಕೊಂಡರು. ಅವತ್ತೇ ಗೆದ್ದೆವು ಅಂತಲ್ಲ. ಇನ್ನೂ ವರ್ಷಗಳು ಹಿಡಿದವು. ಭಟ್ಟಿಯಲ್ಲಿ ಕೆಲಸಕ್ಕಿದ್ದವರು ಅವಳ ಮನೆಯ ಹೆಂಚು ಒಡೆದರು, ಅವರಿಗೂ ಬೇರೆ ಕೆಲಸ ಕೊಡಿಸಿ ಅಂತ ಅವಳೇ ಮತ್ತೆ ಹೋಗಿ ಧರಣಿ ಕೂತಳು. ಪ್ರತಿಸಲ ಹೊರಡುವಾಗ ನಡುಗೋಡೆಗೆ ಹೋಗಿ ಬರ್ತೀನಿ ಅಂತ ಹೇಳಿಯೇ ಹೊರಡುತ್ತಿದ್ದಳು. ಕೊನೆಗೊಂದು ದಿನ ಭಟ್ಟಿಗಳು ಆರಿದವು.

ಹೊಗೆ ಹೋದ ಮೇಲೆ ನಾವು ಒಬ್ಬರನ್ನೊಬ್ಬರು ಹೊಸದಾಗಿ ನೋಡಿದೆವು. ಕಪ್ಪಗಿದ್ದಾನೆ ಅಂತ ಯಾರೂ ಹೆಣ್ಣು ಕೊಡದ ಟೈಲರ್ ಮುರಿಗೆಪ್ಪ ನೋಡಿದರೆ ಗೋಧಿ ಬಣ್ಣದವನು. ಅಷ್ಟು ಹೊತ್ತಿಗೆ ಅವನಿಗೂ ವಯಸ್ಸಾಗಿತ್ತು, ನನಗೂ ಆಗಿತ್ತು, ಆ ಮಾತು ಬಿಡಿ. ಐದೂ ಊರುಗಳಲ್ಲಿ ಸುಣ್ಣ ಸಿಗದಷ್ಟು ಗಿರಾಕಿ. ಎಲ್ಲರೂ ಗೋಡೆ ತೊಳೆದರು, ಸುಣ್ಣ ಬಳಿದರು. ಬೆಳ್ಳಗಿನ ಗೋಡೆಯ ಮೇಲೆ ಬಿಳುಪು ಎಲ್ಲಿಂದ ಕಾಣಬೇಕು? ಕೆಲವರು ಅತ್ತರು, ಕೆಲವರು ಪೂಜೆ ಮಾಡಿ ಕಳಿಸಿಕೊಟ್ಟರು. ಒಲೆ ಮೂಲೆಯಲ್ಲಿದ್ದ ನನ್ನ ಅಮ್ಮನ ಬಿಳುಪಿಗೆ ನಾನೇ ಸುಣ್ಣ ಹೊಡೆದೆ. ಎರಡು ಕೈ ಹೊಡೆದ ಮೇಲೆ ಅಮ್ಮ ಎಲ್ಲಿದ್ದಳು ಅಂತ ನನಗೇ ಗುರುತು ಹತ್ತಲಿಲ್ಲ. ಅವತ್ತು ಅನ್ನ ಇಳಿಯಲಿಲ್ಲ. ಆದರೆ ಬದುಕಿರುವವರು ಉಸಿರಾಡಬೇಕಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆ ಮಾತು ಹಾಲಮ್ಮಕ್ಕನೇ ಮನೆಮನೆಗೆ ಹೋಗಿ ಹೇಳಿದ್ದು.

ಕೆಮ್ಮು ಹೋಯಿತು. ಅದರ ಜೊತೆಗೆ ತಟ್ಟುವುದೂ ಹೋಯಿತು. ಇದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಸಂಜೆಯಾದರೆ ಎಲ್ಲರೂ ಗಾಳಿ ತಿನ್ನಲು ಕೆರೆ ಏರಿಗೆ ಹೋಗುತ್ತಿದ್ದರು. ವಾಪಸು ಬಂದು ಬಾಗಿಲು ಹಾಕಿಕೊಂಡರೆ ಮುಗಿಯಿತು. ಪಕ್ಕದ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಸಂಸಾರಸ್ಥರಿಗೆ ಏನೂ ಅನ್ನಿಸಿರಲಿಕ್ಕಿಲ್ಲ. ನನ್ನಂಥ ಒಂಟಿ ಜೀವಕ್ಕೆ ಆ ಸದ್ದೇ ಮಾತುಕತೆಯಾಗಿತ್ತು. ಸ್ವಚ್ಛ ಗಾಳಿ ಬೇಕಿತ್ತು, ಬೇಡ ಅಂತ ಹೇಗೆ ಹೇಳಲಿ. ಆದರೂ ನನಗೆ ಬಹಳ ಒಂಟಿ ಅನ್ನಿಸುತ್ತಿತ್ತು, ಅದು ನಿಜ.

ಹೀಗಿರುವಾಗ ನನಗೆ ಮತ್ತೆ ಕೆಮ್ಮು ಬಂತು. ಊರವರಿಗೆಲ್ಲ ವಾಸಿಯಾದ ಕೆಮ್ಮು ನನಗೊಬ್ಬಳಿಗೆ, ಅದೂ ಸಂಜೆ ಹೊತ್ತು ಮಾತ್ರ. ಕೆಮ್ಮಿದರೆ ಆ ಕಡೆಯಿಂದ ಹಾಲಮ್ಮಕ್ಕ ತಕ್ಷಣ ತಟ್ಟುತ್ತಿದ್ದಳು. ನನಗೆ ಒಳಗೊಳಗೇ ಖುಷಿಯೂ ಆಗುತ್ತಿತ್ತು, ನಾಚಿಕೆಗೇಡು. ಡಾಕ್ಟರು ನೋಡಿ, ನಿಮಗೆ ಅಭ್ಯಾಸದ ಕೆಮ್ಮು ಅಂದರು. ಅಷ್ಟರಲ್ಲಿ ಸಮಿತಿಯ ವಿರೂಪಾಕ್ಷಪ್ಪ ಮೇಷ್ಟ್ರು ನಮ್ಮ ಮನೆಗೆ ಬಂದರು. ಬೇರೆ ಕಣಿವೆಗಳ ಜನ ನಮ್ಮನ್ನು ನೋಡಿ ಕಲಿಯಲು ಬರುತ್ತಾರಂತೆ, ಊರಬಾಗಿಲಿಗೆ ಕೆಮ್ಮಿಲ್ಲದ ಊರು ಅಂತ ಬೋರ್ಡು ಬರೆಸುತ್ತಾರಂತೆ.

“ರುದ್ರಮ್ಮ, ತಪ್ಪು ತಿಳ್ಕೋಬೇಡ” ಅಂದರು ಮೇಷ್ಟ್ರು, ಚಹಾದ ಲೋಟವನ್ನೇ ನೋಡುತ್ತ. “ಅವರು ಬಂದ ದಿನ ನೀನು ನಿನ್ನ ತಂಗಿ ಊರಿಗೆ ಹೋಗಿದ್ರೆ ಒಳ್ಳೇದಿತ್ತು.”

“ಯಾಕೆ ಮೇಷ್ಟ್ರೇ, ಬೋರ್ಡಿನಲ್ಲೇ ಕೆಳಗೆ ಬರೆಸ್ಬಿಡಿ, ರುದ್ರಮ್ಮ ಒಬ್ಬಳನ್ನ ಬಿಟ್ಟು ಅಂತ” ಅಂದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಹಾಲಮ್ಮಕ್ಕ ಆಗಿಂದಾಗ್ಗೆ ನನ್ನ ಹತ್ತಿರ ಬಟ್ಟೆ ಚೂರು ಕೇಳಿಕೊಂಡು ಹೋಗುತ್ತಿದ್ದಳು. ದಿಂಬಿಗೆ ತುಂಬಿಸೋಕೆ ಅನ್ನುತ್ತಿದ್ದಳು. ಚೀಲಗಟ್ಟಲೆ ಕೊಟ್ಟಿದ್ದೇನೆ. ಒಂಟಿ ಹೆಂಗಸು ಎಷ್ಟು ದಿಂಬು ಇಟ್ಟುಕೊಂಡಾಳು ಅಂತ ನನಗೆ ಹೊಳೆಯಲಿಲ್ಲ. ಅವಳ ಮನೆಯೊಂದಕ್ಕೇ ಇನ್ನೂ ಸುಣ್ಣ ಆಗಿರಲಿಲ್ಲ. ಊರಿನ ಕೆಲಸ ತಲೆ ಮೇಲಿದೆ, ಪುರಸೊತ್ತಿಲ್ಲ ಅನ್ನುತ್ತಿದ್ದಳು, ಹೌದು ಪಾಪ ಅಂತ ಎಲ್ಲರೂ ಒಪ್ಪಿದ್ದರು. ಒಂದು ಸಂಜೆ, ಬೀದಿಯೆಲ್ಲ ಕೆರೆ ಏರಿಗೆ ಹೋಗಿತ್ತು, ನಾನು ಅರ್ಜೆಂಟಿನ ರವಿಕೆಗೆ ಗುಂಡಿ ಹಚ್ಚುತ್ತ ಕೂತಿದ್ದೆ. ಕೆಮ್ಮು ಹತ್ತಿತು. ಈ ಸಲ ಅದರ ಜೊತೆ ವಾಸನೆಯೂ ಬಂತು. ಸೀಮೆಎಣ್ಣೆ, ಮತ್ತೆ ಸುಟ್ಟ ಪಾಪ್ಲಿನ್. ಆ ಬಟ್ಟೆ ನಾನು ವಾರದ ಹಿಂದೆ ಕತ್ತರಿಸಿದ್ದು. ತಲೆಯೆತ್ತಿ ನೋಡಿದರೆ ನಡುಗೋಡೆಯ ಮೇಲಿನ ಸಂದಿಯಿಂದ ಹೊಗೆ ಇಳಿಯುತ್ತಿತ್ತು, ತೆಳ್ಳಗೆ.

ಬೆಂಕಿ ಬಿತ್ತೇನೋ ಅಂತ ಓಡಿದೆ. ಮುಂಬಾಗಿಲು ಹಾಕಿತ್ತು. ಹಿತ್ತಿಲಿಗೆ ಬಂದು ಕಿಟಕಿಯಲ್ಲಿ ಇಣುಕಿದೆ. ಭಾವನ ಬಿಳುಪಿನ ಎದುರು ಹಾಲಮ್ಮಕ್ಕ ಕೂತಿದ್ದಳು. ಮಡಕೆಯ ಚೂರಿನಲ್ಲಿ ಬಟ್ಟೆ ಹೊಗೆಯಾಡುತ್ತಿತ್ತು. ಅವಳು ಬೀಸಣಿಗೆಯಲ್ಲಿ ಮೆಲ್ಲಗೆ, ಸ್ವಲ್ಪವೂ ಅವಸರವಿಲ್ಲದೆ, ಹೊಗೆಯನ್ನು ಗೋಡೆಯ ಕಡೆಗೆ ಬೀಸುತ್ತಿದ್ದಳು. ಹಳೆಯ ಮಸಿ ಅಲ್ಲಲ್ಲಿ ಹಕ್ಕಳೆ ಎದ್ದು ಉದುರಿ ಹೋಗಿತ್ತು. ಹೊಸ ಮಸಿ ಆ ಜಾಗದಲ್ಲಿ ಕೂರುತ್ತಿತ್ತು, ಭಾವನ ಭುಜದವರೆಗೆ ಬಂದು ನಿಲ್ಲುತ್ತಿತ್ತು. “ಇವತ್ತು ದಿಬ್ಬದೂರಿನವರು ಬಂದಿದ್ರು” ಅನ್ನುತ್ತಿದ್ದಳು ಅವಳು ಗೋಡೆಗೆ. “ನಿಮ್ಮೂರಲ್ಲಿ ಈಗ ಎಲ್ರ ಮನೆಗೂ ಸುಣ್ಣ ಆಗೈತಂತೆ. ಮಕ್ಕಳು ಓಡ್ತಾವಂತೆ, ಏದುಸಿರೇ ಇಲ್ವಂತೆ.” ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ವಾಪಸು ಬಂದೆ.

ಸಿಟ್ಟು ಬಂತು, ಬರಲಿಲ್ಲ ಅಂದರೆ ಸುಳ್ಳು. ಐದು ಊರಿನ ಗಾಳಿ ತೊಳೆದವಳು ನನ್ನೊಬ್ಬಳ ಗಂಟಲಿಗೆ ಹೊಗೆ ಹಾಕುತ್ತಿದ್ದಾಳೆ. ಮೇಷ್ಟ್ರಿಗೆ ಹೇಳಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆದರೆ ಹೇಳಿದ ಮೇಲೆ ಅವಳು ಯಾವ ಮುಖ ಹೊತ್ತು ಬೀದಿಗೆ ಬಂದಾಳು? ಅವಳಿಗೇ ನೇರವಾಗಿ ಹೇಳೋಣ ಅಂತ ಎರಡು ಸಲ ಅವಳ ಹೊಸಿಲವರೆಗೆ ಹೋದೆ. ಒಲೆ ಮೂಲೆಯಲ್ಲಿ ನನ್ನ ಅಮ್ಮ ಕಾಣದೆ ಹೋದ ದಿನ ನೆನಪಾಗಿ ತಿರುಗಿ ಬಂದೆ. ನನ್ನದು ಕೆಮ್ಮು ತಾನೇ, ಇಷ್ಟು ವರ್ಷ ಕೆಮ್ಮಿಲ್ಲವೇ ಅಂದುಕೊಂಡೆ. ಆದರೆ ನಾನು ಕೆಮ್ಮಿದಷ್ಟೂ ಅವಳ ಗುಟ್ಟು ಹೊರಗೆ ಬೀಳುವ ದಿನ ಹತ್ತಿರವಾಗುತ್ತಿತ್ತು. ಅದಕ್ಕೇ ಮಾರನೆಯ ಸಂಜೆ ಹತ್ತಿಬಟ್ಟೆಯನ್ನು ಮಡಿಸಿ ದಪ್ಪ ಮಾಡಿ ಬಾಯಿಗೆ ಒತ್ತಿಕೊಂಡು ಕೂತೆ. ಕೆಮ್ಮು ಬಂದರೆ ಮೈಯೆಲ್ಲ ಅದುರುತ್ತಿತ್ತು, ಸದ್ದು ಮಾತ್ರ ಹೊರಗೆ ಬಿಡಲಿಲ್ಲ. ಗೋಡೆಯ ಆ ಕಡೆಯೂ ಸದ್ದಿಲ್ಲ. ತಟ್ಟುವವರಿಗೆ ಕೆಮ್ಮು ಕೇಳಬೇಕಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಬಾಗಿಲು ಧಡಧಡ ಬಡಿದ ಸದ್ದಾಯಿತು. “ರುದ್ರೀ! ಏ ರುದ್ರೀ! ಬಾಗಿಲು ತೆಗಿಯೇ!” ತೆಗೆದೆ. ಹಾಲಮ್ಮಕ್ಕ ತಲೆಗೂದಲು ಕೆದರಿಕೊಂಡು ನಿಂತಿದ್ದಳು, ಕೈಯಲ್ಲಿ ಇನ್ನೂ ಬೀಸಣಿಗೆ.

“ಕೆಮ್ಮು ಕೇಳಿಸ್ಲಿಲ್ಲ. ಎಷ್ಟು ಹೊತ್ತು ಕಾದೆ ಗೊತ್ತಾ? ಏನಾಯ್ತೋ ಅಂತ ಜೀವ ಬಾಯಿಗೆ ಬಂತು” ಅಂದಳು. ಅಷ್ಟರಲ್ಲಿ ನನಗೆ ತಡೆಯಲಾಗದೆ ಕೆಮ್ಮು ನುಗ್ಗಿತು. ಬಟ್ಟೆ ಬಾಯಿಯಿಂದ ನೆಲಕ್ಕೆ ಬಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ತನ್ನ ಕೈಯ ಬೀಸಣಿಗೆ ನೋಡಿದಳು, ಮೇಲೆ ಸಂದಿಯಿಂದ ಇಳಿಯುತ್ತಿದ್ದ ಹೊಗೆ ನೋಡಿದಳು.

“ಯಾವಾಗಿಂದ ಗೊತ್ತು ನಿಂಗೆ?”

“ನನ್ ಬಟ್ಟೆ ವಾಸನೆ ನಂಗೆ ಗೊತ್ತಾಗಲ್ವೇನಕ್ಕ?”

“ಹೇಳ್ಬಾರ್ದಿತ್ತೇನೇ?”

“ಏನಂತ ಹೇಳ್ಲಿ? ಭಾವನ್ನ ಮನೆಯಿಂದ ಕಳ್ಸು ಅಂತನಾ?”

ಅವಳು ಹೊಸಿಲ ಮೇಲೆ ಕುಸಿದು ಕೂತಳು. ಅಳಲಿಲ್ಲ. ನನ್ನ ಕಾಲ ಬೆರಳನ್ನು ಹಿಡಿದುಕೊಂಡಳು. “ನಿನ್ ಕೆಮ್ಮು ಕೇಳಿಸ್ತಿತ್ತು ಕಣೇ” ಅಂದಳು. “ನನ್ ಹೊಗೆಯಿಂದಲೇ ಅಂತನೂ ಗೊತ್ತಿತ್ತು. ತಟ್ಟಿದ್ರೆ ಸಾಕು ಅಂತ ನನಗೆ ನಾನೇ ಹೇಳ್ಕೊಂಡಿದ್ದೆ.” ಎದ್ದು ಹೋದಳು. ಗೋಡೆಯಾಚೆ ಬೆಂಕಿಗೆ ನೀರು ಬಿದ್ದ ಸದ್ದು ಚುಂಯ್ ಅಂತ ಕೇಳಿಸಿತು.

ಮಾರನೆಯ ಬೆಳಗ್ಗೆ ಉಳಿದ ಚೂರಿನ ಚೀಲ ನನ್ನ ಜಗಲಿ ಮೇಲಿತ್ತು. ನನ್ನ ಕೆಮ್ಮು ನಿಂತಿತು. ಬೇರೆ ಕಣಿವೆಯವರು ಬಂದರು, ಬೋರ್ಡು ನೋಡಿದರು, ಹಾಲಮ್ಮಕ್ಕನಿಗೆ ಶಾಲು ಹೊದಿಸಿದರು. ಅವಳು ಐದು ಪಂಚೆಯ ಕಥೆಯನ್ನು ಚೆನ್ನಾಗಿಯೇ ಹೇಳಿದಳು. ಆ ಮಳೆಗಾಲದ ಥಂಡಿಗೆ ನಡುಗೋಡೆಯ ಮಸಿ ಉದುರುತ್ತ ಬಂತು. ಮೊದಲು ಸೊಂಟ ಹೋಯಿತು, ಆಮೇಲೆ ಭುಜ. ನಾನು ದಿನಾ ಏನಾದರೂ ನೆಪ ಮಾಡಿಕೊಂಡು ಹೋಗಿ ಬರುತ್ತಿದ್ದೆ. ಆ ಗೋಡೆಯ ವಿಷಯ ನಾವಿಬ್ಬರೂ ಎತ್ತುತ್ತಿರಲಿಲ್ಲ. ವಾಲಿದ ತಲೆಯೊಂದು ಉಳಿದು, ಅದೂ ಇದೆಯೋ ಇಲ್ಲವೋ ಅನ್ನುವಂತಾದ ದಿನ ಅವಳೇ ಕರೆದಳು. “ಸುಣ್ಣ ನೆನೆಹಾಕಿದೀನಿ ಬಾರೇ. ಒಬ್ಬಳಿಗೆ ಆಗಲ್ಲ.”

ಮಧ್ಯಾಹ್ನದವರೆಗೆ ಬಳಿದೆವು. ಆ ಜಾಗವನ್ನು ಕೊನೆಗೆ ಬಿಟ್ಟಿದ್ದೆವು. ನಾನು ಕುಂಚ ಇಟ್ಟು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಬರುವಷ್ಟರಲ್ಲಿ ಮುಗಿಸಿದ್ದಳು. ಗೋಡೆ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಬಿಳಿ. ಸುಸ್ತಾಗಿತ್ತು, ಇಬ್ಬರೂ ಕೂರಬೇಕಿತ್ತು. ಆದರೂ ಅಭ್ಯಾಸಬಲದಿಂದ ಆ ಜಾಗ ಬಿಟ್ಟು ದೂರ ನಿಂತೆವು. ಅಲ್ಲಿ ಈಗ ಏನೂ ಇರಲಿಲ್ಲ.

“ನೀನೇ ಕೂರಕ್ಕ” ಅಂದೆ. “ಯಾರಾದ್ರೂ ಕೂರ್ಬೇಕಲ್ಲ.”

ಅವಳು ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ ನೆಲ ಹಿಡಿದು ಕೂತಳು, ಹಸಿ ಸುಣ್ಣಕ್ಕೆ ಬೆನ್ನು ಕೊಟ್ಟು, ಭಾವ ಕೂರುತ್ತಿದ್ದ ಹಾಗೆಯೇ ಕಿಟಕಿಗೆ ಮುಖ ಮಾಡಿ. ಅಷ್ಟು ವರ್ಷದಲ್ಲಿ ಅವಳು ಅಲ್ಲಿ ಕೂತದ್ದು ಅದೇ ಮೊದಲು. ಕತ್ತು ಚಾಚಿ ಹೊರಗೆ ನೋಡಿದಳು.

“ರುದ್ರಿ, ಅಲ್ಲಿ ಬೆಳ್ಳಗೆ ಕಾಣೋದು ಏನೇ?”

ನಿಂತಿದ್ದ ನನಗೆ ಸೂರಿನ ಅಂಚು ಅಡ್ಡವಾಗಿತ್ತು, “ಎಲ್ಲಿ?” ಅಂದೆ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಹೊಗೆ ತಡೆಯಲೆಂದು ಹಿತ್ತಿಲಲ್ಲಿ ಕಟ್ಟಿದ್ದ ಗೋಡೆಗೂ ಸೂರಿಗೂ ನಡುವೆ ಒಂದು ಗೇಣಿನಷ್ಟು ಬಯಲು. ಅದರೊಳಗೆ, ಹಳ್ಳವಿದ್ದ ಜಾಗದಾಚೆ, ದಿಬ್ಬದ ಮೇಲೆ ಬಿಳಿ ಬಿಳಿ ಮನೆಗಳು. ಆ ಬಿಳಿ ಬಣ್ಣವನ್ನು ಊರವರು ಆಗಲೇ ಕಂಡಿದ್ದರು, ಯಾವುದೋ ಕಲ್ಲಿನ ಗಣಿ ಇರಬೇಕು ಅಂದುಕೊಂಡಿದ್ದರು. ಆ ಕಡೆ ಊರು ಇರುವುದಿಲ್ಲವಲ್ಲ. ಮನೆಗಳ ಮೇಲ್ಗಡೆ ಆಕಾಶಕ್ಕೆ ಎದ್ದು ಒಂದು ತಾಳೆಮರ ನಿಂತಿತ್ತು. ಎರಡು ತಲೆಯ ತಾಳೆಮರ.

ದಿಬ್ಬದೂರಿನ ಬಸ್ಸು ಊರ ಮುಂದಿನ ನಿಲ್ದಾಣದಿಂದ ಹೊರಟು, ಕಣಿವೆಯೆಲ್ಲ ಬಳಸಿ, ನಮ್ಮ ಹಿತ್ತಿಲ ಹಿಂದಿನ ಈ ದಿಬ್ಬಕ್ಕೇ ಬರುತ್ತಿತ್ತು. ಮದುವೆಯ ದಿನ ದಾರಿ ತಪ್ಪದೆ ನೇರವಾಗಿ ಬಂದವನು ಅವನೊಬ್ಬನೇ.

“ಹೊಗೆನೇ ಅಂತಿದ್ದ” ಅಂದಳು ಹಾಲಮ್ಮಕ್ಕ. “ದಿನಾ ಕೇಳ್ತಿದ್ದೆ, ದಿನಾ ಹಂಗೇ ಅಂತಿದ್ದ. ಮೂಲೆ ಸೇರಿದಾನೆ ಅಂತ ನಾನೂ ಬೈದೆ ಕಣೇ. ಅವನು ಊರು ನೋಡ್ತಿದ್ದ.” “ಕಾಣ್ತಾನೇ ಇರ್ಲಿಲ್ಲ ಅವನಿಗೆ. ಆದ್ರೂ ನೋಡ್ತಿದ್ದ” ಅಂದಳು. ಇಷ್ಟು ಹೇಳಿ, ಏನೋ ಹೇಳುವುದಕ್ಕೆ ಅಂತ ಭಾವನಿರುವ ಕಡೆಗೆ ತಿರುಗಲು ಹೋದಳು. ಅವಳು ಕೂತದ್ದು ಅವನ ಜಾಗದಲ್ಲೇ ಆದ್ದರಿಂದ ತಿರುಗಲು ಯಾವ ಕಡೆಯೂ ಇರಲಿಲ್ಲ. ಮತ್ತೆ ಕಿಟಕಿಯನ್ನೇ ನೋಡಿದಳು. ನಾನು ಎದ್ದು ಬಂದೆ.

ಸಂಜೆಯಾಯಿತು. ಬೀದಿಯವರು ಕೆರೆ ಏರಿಗೆ ಹೋದರು. ನಾನು ಮಿಷನ್ ಮುಂದೆ ಕೂತೆ, ತುಳಿಯಲಿಲ್ಲ. ಆ ಕಡೆ ಪಾತ್ರೆಯ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ, ಅಳುವ ಸದ್ದೂ ಇಲ್ಲ. ಸಂದಿಯಿಂದ ಹಸಿ ಸುಣ್ಣದ ವಾಸನೆಯೊಂದೇ ಬರುತ್ತಿತ್ತು. ದೀಪ ಹಚ್ಚಿದೆ. ಇನ್ನೂ ಸದ್ದಿಲ್ಲ. ಬಾಗಿಲು ಬಡಿಯೋಣವೆಂದರೆ ಏನಂತ ಬಡಿಯಲಿ. ನನ್ನ ಎದೆಯಲ್ಲಿ ಈಗ ಕೆಮ್ಮೂ ಇರಲಿಲ್ಲ, ಅಷ್ಟು ಹಗುರ. ಕೊನೆಗೆ ಗೋಡೆಯ ಹತ್ತಿರ ಹೋಗಿ ನಿಂತು, ಗಂಟಲು ಗಟ್ಟಿ ಮಾಡಿಕೊಂಡು ಒಂದು ಸುಳ್ಳು ಕೆಮ್ಮು ಕೆಮ್ಮಿದೆ.

ಕಾದೆ. ಬಹಳ ಹೊತ್ತು ಕಾದೆ ಅನ್ನಿಸಿತು.

ಆಮೇಲೆ ಎರಡು ಸಲ ತಟ್ಟಿದ ಸದ್ದು ಬಂತು, ಗೋಡೆಯ ಕೆಳಗಿನಿಂದ, ಭಾವ ಕೂರುತ್ತಿದ್ದ ಎತ್ತರದಿಂದ.